ಮಾರಿಜಾತ್ರೆ: ಶಿವಮೊಗ್ಗವೋ, ಸಾಗರವೋ?

ಒಂದಕ್ಕೇ ಬಿಡುವಿದ್ದರೆ ಸಾಗರಕ್ಕೆ ಹೋಗಿ ಅಂತೀನಿ. ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ 2 ವರ್ಷಕ್ಕೊಮ್ಮೆ, 5 ದಿನ. ಸಾಗರದ್ದು 3 ವರ್ಷಕ್ಕೊಮ್ಮೆ, 9 ದಿನ. ಎರಡೂ ಕಡೆ ಅಮ್ಮ ಮೊದಲು ತವರುಮನೆಯಲ್ಲಿ ಕೂತು, ಆಮೇಲೆ ಗಂಡನ ಮನೆಗೆ ಹೊರಡುತ್ತಾಳೆ.

ಶಿವಮೊಗ್ಗದಲ್ಲಿ ಗಾಂಧಿ ಬಜಾರೇ ತವರು. ಮೊದಲ ದಿನ ಮಡಿಲು ತುಂಬಲು ಬಂದ ಹೆಂಗಸರ ಉದ್ದ ಸಾಲು. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಹಸಿರು ಬಳೆ, ರವಿಕೆ ಕಣ. ಮನೆಮಗಳನ್ನು ಕಳಿಸಿಕೊಡುವ ಸಂಭ್ರಮ, ಸಂಕಟ ಎರಡೂ ಕಾಣಬೇಕಾದರೆ ರಾತ್ರಿ ಮೆರವಣಿಗೆ ಕೋಟೆ ಕಡೆ ಹೊರಡುವವರೆಗೂ ನಿಲ್ಲಿ. ಶಿವಪ್ಪ ನಾಯಕನ ಅರಮನೆಯೂ ಅಲ್ಲೇ ಹತ್ತಿರ.

ಆದರೆ ಸಾಗರದ ಪಕ್ಕದಲ್ಲಿ ಶಿವಪ್ಪ ನಾಯಕನ ವಂಶದ, ಕೆಳದಿ ನಾಯಕರ ಮೂಲವೇ ಇದೆ: ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಗಳು. ಬೆಳಿಗ್ಗೆ ಇಕ್ಕೇರಿಯ ಕಲ್ಲಿನ ತಂಪಲ್ಲಿ ಕೂತು, ಸಂಜೆ ಜಾತ್ರೆಪೇಟೆಗೆ ಇಳಿಯಬಹುದು. ಶಿವಮೊಗ್ಗದಿಂದ ತಾಳಗುಪ್ಪದ ರೈಲು ಹತ್ತಿ, ಸಾಗರದಲ್ಲಿ ಇಳಿಯಿರಿ.