ನಮ್ಮ 1999ರ ಬ್ಯಾಚ್ ಪುಸ್ತಕ: ಐದಕ್ಕೆ ಮೂರು

ಹೈಸ್ಕೂಲು ಬಿಟ್ಟು 25 ವರ್ಷ ಆಯಿತು ಅಂತ ನಾವು 1999ರ ಎಸ್ಸೆಸ್ಸೆಲ್ಸಿ ಹುಡುಗಿಯರು ಒಂದು ಪುಸ್ತಕ ಮಾಡಿಸಿದೆವು. ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಇಷ್ಟೇ ವಿಷಯ. ಕೆಲಸ ಕೊಟ್ಟಿದ್ದು ಮೈಸೂರಿನ ಒಂದು ಪ್ರೆಸ್ಸಿಗೆ. ಫಾರಂ ಕಳಿಸುವುದು, ಟೈಪ್ ಮಾಡುವುದು, ಫೋಟೊ ಜೋಡಿಸುವುದು, ಮುದ್ರಣ, ಬೈಂಡಿಂಗ್ ಎಲ್ಲ ಅವರದ್ದೇ. ಒಂದು ಪ್ರತಿಗೆ 310 ರೂಪಾಯಿ. 84 ಪುಟ, 120 ಪ್ರತಿ. ದುಡ್ಡು ಒಟ್ಟುಮಾಡುವ ಕೆಲಸ ನನ್ನ ತಲೆಗೆ ಬಂತು. ಗೋಣಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ 16 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ, ಅದಕ್ಕೆ. ಬೇರೆ ಶಾಲೆಯವರು ಇಂಥದ್ದು ಮಾಡಿಸುವ ಮೊದಲು ನಮ್ಮ ಕಥೆ ಕೇಳಿ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನಾವು ಕೊಟ್ಟ ಗ್ರೂಪ್ ಫೋಟೊಗೆ ಬೂಷ್ಟು ಹಿಡಿದು ಅರ್ಧ ಜನಕ್ಕೆ ಮುಖವೇ ಇರಲಿಲ್ಲ. ಅದನ್ನು ಸ್ಕ್ಯಾನ್ ಮಾಡಿ ಎಷ್ಟು ಚೆನ್ನಾಗಿ ತೊಳೆದುಕೊಟ್ಟಿದ್ದಾರೆ ಅಂದರೆ, ಎರಡನೇ ಸಾಲಿನವಳ ರಿಬ್ಬನ್ ಬಿಚ್ಚಿಹೋಗಿದ್ದೂ ಕಾಣುತ್ತದೆ. ಫೋನಿನಲ್ಲಿ ಮಾತೂ ಒಳ್ಳೆಯದು. ಎಷ್ಟು ಸಲ ಮಾಡಿದರೂ "ಆಗುತ್ತೆ ಮೇಡಂ" ಅನ್ನುತ್ತಿದ್ದರು. ಆಗಿದ್ದು ಮಾತ್ರ ನಿಧಾನ. ಮೇ ತಿಂಗಳ ಊಟಕ್ಕೆ ಬರಬೇಕಿದ್ದ ಪುಸ್ತಕ ಜೂನ್ ಕೊನೆಯಲ್ಲಿ ಬಸ್ ಪಾರ್ಸೆಲಿನಲ್ಲಿ ಬಂತು.

ಜೂನ್ ಅಂದರೆ ಕೊಡಗಿನಲ್ಲಿ ಏನು ಅಂತ ಹೇಳಬೇಕಾಗಿಲ್ಲ, ಅಲ್ವಾ? ಒಳಗೆಲ್ಲ ಹೊಳೆಯುವ ಆರ್ಟ್ ಪೇಪರ್. ಮೈಸೂರಿನಲ್ಲಿ ಅದು ಚಂದ. ನಮ್ಮಲ್ಲಿ ಹಾಸಿಗೆಯೇ ಒದ್ದೆ ಒದ್ದೆ ಅನಿಸುವ ಕಾಲ. ಜುಲೈ ಮುಗಿಯುವುದರೊಳಗೆ ಪುಟಕ್ಕೆ ಪುಟ ಅಂಟಿಕೊಂಡಿತು. ಮೆಲ್ಲಗೆ ಬಿಡಿಸಿದೆ. ಅರಣ್ಯ ಇಲಾಖೆಯಲ್ಲಿರುವವಳ ಒಂದು ಕೆನ್ನೆ ಎದುರು ಪುಟದ ನರ್ಸಿನ ಹಣೆಗೆ ಹೋಗಿ ಕೂತಿತು. ಬೆನ್ನಿಗೆ ಬರೀ ಗಮ್ ಹಾಕಿದ್ದರು, ಅದೂ ಬಿಟ್ಟಿತು. ಮಳೆ ಊರಿನವರು ಮಾಡಿಸುವುದಾದರೆ ಹೊಳಪಿಲ್ಲದ ಮ್ಯಾಪ್ಲಿಥೋ ಕಾಗದ ಕೇಳಿ, ಹೊಲಿಗೆ ಹಾಕಿಸಿ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಆಮೇಲೆ ಹೆಸರಿನ ಪಟ್ಟಿ. ನಮ್ಮಲ್ಲಿ ಅರ್ಧದಷ್ಟು ಕೊಡವರು. ಅವರಿಗೆ ಮನೆ ಹೆಸರು ಮೊದಲು, ತಮ್ಮ ಹೆಸರು ಆಮೇಲೆ. ಮದುವೆಯಾದ ಮೇಲೆ ಗಂಡನ ಮನೆ ಹೆಸರು. ಪ್ರೆಸ್ಸಿನವರು ಪಟ್ಟಿಯನ್ನು ಈಗಿನ ಮನೆ ಹೆಸರಿನ ಮೇಲೆ ಅಕಾರಾದಿಯಾಗಿ ಜೋಡಿಸಿದ್ದಾರೆ. ಶಾಲೆಯಲ್ಲಿ ಹಾಜರಿ ಕರೆಯುತ್ತಿದ್ದ ಹೆಸರು ಎಲ್ಲೂ ಇಲ್ಲ. ನನ್ನ ಪಕ್ಕದಲ್ಲೇ ಮೂರು ವರ್ಷ ಕೂತವಳನ್ನು ಹುಡುಕಲು 20 ನಿಮಿಷ ಬೇಕಾಯಿತು. ಫಾರಂನಲ್ಲಿ "ಶಾಲೆಯಲ್ಲಿದ್ದ ಹೆಸರು" ಅಂತ ಒಂದು ಗೆರೆ ಇದ್ದಿದ್ದರೆ ಸಾಕಿತ್ತು.

ಇನ್ನು ಒಳಗೆ ಇರುವುದು. ಅದು ನಮ್ಮವರೇ ಬರೆದದ್ದು, ಅದಕ್ಕೆ ನಾನು ಮಾರ್ಕು ಹಾಕಬಾರದು. ಆದರೂ ಓದಿ ಖುಷಿಯಾಯಿತು. ಒಬ್ಬಳು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿ ಈಗ ಬೇರೆ ಜಿಲ್ಲೆಯಲ್ಲಿ ವಲಯ ಅರಣ್ಯಾಧಿಕಾರಿ. ಆನೆ ಓಡಿಸಿದ ಕಥೆಯನ್ನೇ ಎರಡು ಪುಟ ಬರೆದಿದ್ದಾಳೆ. ಇನ್ನೊಬ್ಬಳು ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಸೌದಿಗೆ ಹೋಗಿ, ಅಲ್ಲಿಂದ ಐರ್ಲೆಂಡ್ ಸೇರಿದ್ದಾಳೆ. ಅಲ್ಲೂ ದಿನಾ ಮಳೆಯಂತೆ, ಆದರೆ ಅದು ಮಳೆಯೇ ಅಲ್ಲ ಅಂತ ಬರೆದಿದ್ದಾಳೆ! ಬೆಂಗಳೂರಿನವಳು "ಡೆಲಿವರಿ ಮ್ಯಾನೇಜರ್". ನಾನು ಕೊರಿಯರ್ ಕಂಪನಿ ಅಂದುಕೊಂಡಿದ್ದೆ, ಸಾಫ್ಟ್‌ವೇರ್ ಅಂತೆ. ನಾವು ಎಂಟನೇ ತರಗತಿ ಮುಗಿಸಿದ 1997ರಲ್ಲಿ ಕರಡದಲ್ಲಿ ಮೊದಲ ಕೊಡವ ಹಾಕಿ ಉತ್ಸವ ನಡೆಯಿತು. ಅದನ್ನು ನೋಡಿ ಬಂದು ದೊಣ್ಣೆ ಹಿಡಿದು ಅಂಗಳ ಅಗೆದವಳು ಈಗ ಪಿ.ಟಿ. ಟೀಚರ್.

ಒಂದು ಪುಟದಲ್ಲಿ ಮೂರೇ ಸಾಲು. "ಮಕ್ಕಂದೂರಿನ ಹತ್ತಿರ ಮನೆ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಬಂತು. ಈಗ ಜಂಬೂರಿನಲ್ಲಿ ಸರ್ಕಾರ ಕೊಟ್ಟ ಮನೆಯಲ್ಲಿದ್ದೇವೆ, ನಾನು ಅಂಗನವಾಡಿಗೆ ಹೋಗುತ್ತೇನೆ." ಕೆಳಗೆ ಜಾಗ ಖಾಲಿ ಕಾಣಬಾರದು ಅಂತ ಪ್ರೆಸ್ಸಿನವರು ದೊಡ್ಡ ಗುಲಾಬಿ ಹೂವು ಹಾಕಿದ್ದಾರೆ. ಎಲೆಯ ಮೇಲೆ ನೀರಿನ ಹನಿ ಬೇರೆ. ಪ್ರೂಫ್ ನೋಡಿದ್ದು ನಾನೇ, ಮೊಬೈಲಿನಲ್ಲಿ, ರಾತ್ರಿ, ಕರೆಂಟ್ ಇಲ್ಲದಾಗ. ನನ್ನ ಕಣ್ಣಿಗೂ ಬೀಳಲಿಲ್ಲ. ಈ ಪುಸ್ತಕದಲ್ಲಿ ನನಗೆ ನಾಚಿಕೆಯಾಗುವುದು ಆ ಹೂವಿನದ್ದೊಂದೇ.

ನನ್ನ ದೊಡ್ಡ ತಕರಾರು ಫಾರಂ ಮೇಲೆ. "ಉದ್ಯೋಗ" ಅಂತ ಒಂದು ಗೆರೆ. ಅದರ ಕೆಳಗೆ "ಸಾಧನೆಗಳು" ಅಂತ ಅರ್ಧ ಪುಟ. ದೂರ ಹೋದವರು ಅರ್ಧ ಪುಟ ತುಂಬಿಸಿ ಹಿಂದೆಯೂ ಬರೆದರು. ಇಲ್ಲೇ ಉಳಿದವರು "ಗೃಹಿಣಿ" ಅಂತ ಬರೆದು ಸಾಧನೆಯ ಜಾಗಕ್ಕೆ ಅಡ್ಡಗೆರೆ ಎಳೆದರು. ಎಣಿಸಿದೆ, 31 ಜನ ಗೃಹಿಣಿಯರು. ಅದರಲ್ಲಿ ಹನ್ನೊಂದು ಜನರ ಲೆಕ್ಕದ ಪುಟ ನಮ್ಮ ಅಂಗಡಿಯ ಖಾತೆಯಲ್ಲಿದೆ, ಅವರವರ ಹೆಸರಿನಲ್ಲೇ. ಕುಯ್ಲಿಗೆ ಆಳು ಹೊಂದಿಸುವವರು, ಕಣದಲ್ಲಿ ಕಾಫಿ ಒಣಗಿಸುವವರು, ಮರ ಕಪಾತು ಮಾಡಿಸುವವರು, ಬ್ಯಾಂಕಿಗೆ ಅಲೆಯುವವರು ಎಲ್ಲ ಅವರೇ.

ಅಮ್ಮತ್ತಿ ಕಡೆಯವಳೊಬ್ಬಳಿದ್ದಾಳೆ. ಗಂಡ ತೀರಿಹೋಗಿ ಒಂಬತ್ತು ವರ್ಷ. ಹತ್ತು ಎಕರೆ ರೊಬಸ್ಟಾ ಕಾಫಿ, ಮರಕ್ಕೆ ಮೆಣಸು. ಬೆಲೆ ಏರಲಿ ಅಂತ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಇಟ್ಟುಕೊಂಡಿದ್ದವಳು ಜುಲೈಯಲ್ಲಿ ಜೀಪಿನಲ್ಲಿ ಚೀಲ ಹೇರಿಕೊಂಡು ಬಂದಳು. ನಮ್ಮ ಹುಡುಗ ಸ್ಯಾಂಪಲ್ ಕುಟ್ಟಿ ಓಟಿ 26 ಅಂದ. ಅಂದರೆ 50 ಕೆಜಿ ಚೀಲದಿಂದ 26 ಕೆಜಿ ಬೀಜ. ಆ ಓಟಿಯನ್ನು ದಿನದ ದರಕ್ಕೆ ಗುಣಿಸಿದರೆ ಒಂದು ಚೀಲದ ಬೆಲೆ. ಒಂದು ಓಟಿ ಕಡಿಮೆಯಾದರೆ ಚೀಲಕ್ಕೆ ನೂರಾರು ರೂಪಾಯಿ ಹೋಯಿತು. "ಇನ್ನೊಂದು ಚೀಲದಿಂದ ತೆಗಿ, ಮಧ್ಯದಿಂದ ತೆಗಿ" ಅಂತ ಅವಳು ನಿಂತೇ ಬಿಟ್ಟಳು. ಮತ್ತೆ ಕುಟ್ಟಿದ. 28 ಬಂತು.

ಪ್ರೆಸ್ಸಿನವರು ತಪ್ಪು ಒಪ್ಪಿಕೊಂಡು ತಿದ್ದುಪಡಿ ಹಾಳೆಯನ್ನು ಪುಕ್ಕಟೆ ಮಾಡಿಕೊಡುತ್ತೇವೆ ಅಂದಿದ್ದಾರೆ. ಅದಕ್ಕೇ ಇನ್ನೊಂದು ಅರ್ಧ ಮಾರ್ಕು ಕೊಟ್ಟು ಮೂರು ಮಾಡಿದ್ದು. ಆ ಹಾಳೆಗೆ ಬೇಕು ಅಂತ ಅವಳ ಪುಟ ತೆಗೆದು ತೋರಿಸಿದೆ. "ಉದ್ಯೋಗ ಏನು ಅಂತ ಹಾಕಲಿ, ಸರಿಯಾಗಿ ಹೇಳು" ಅಂದೆ.

"ಅದೆಲ್ಲ ಆಮೇಲೆ ಮಾರಾಯ್ತಿ," ಅಂದಳು. "ಮೊದಲು 28 ಅಂತ ಚೀಟಿಯಲ್ಲಿ ಬರಿ."