ಮನೆ ಮೇಲಿನ ಗಾಳಿದನ: 4 ಮಳೆಗಾಲ ಕಳೆದ ಮೇಲೆ

ಗಾಳಿ ಬಂದ ಕಡೆಗೆ ಮುಖ ತಿರುಗಿಸುವ ಕಬ್ಬಿಣದ ದನ ಇದು. ಆನ್‌ಲೈನ್‌ನಲ್ಲಿ ಹುಂಜ, ಹಂದಿ, ಕುದುರೆ, ಟ್ರ್ಯಾಕ್ಟರ್ ಎಲ್ಲ ಇತ್ತು. ನಾನು ದನ ಆರಿಸಿದೆ. 2021ರ ಏಪ್ರಿಲ್‌ನಲ್ಲಿ 2,800 ರೂಪಾಯಿ ಕೊಟ್ಟದ್ದು. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಸುತ್ತ ಅಡಿಕೆ ತೋಟ. "ಹಟ್ಟಿಯಲ್ಲಿ ಇರುವ ದನ ಸಾಲದಾ?" ಎಂದು ಅಮ್ಮ ಕೇಳಿದ್ದರು.

ಪೆಟ್ಟಿಗೆ ಬಿಚ್ಚಿದಾಗಲೇ ಮೊದಲ ತಲೆನೋವು. ಜೊತೆಗೆ ಬಂದ ಕ್ಲಾಂಪು ಮರದ ಹಲಗೆಯ ಇಳಿಜಾರು ಮಾಡಿಗೆ ಮಾಡಿದ್ದು. ನಮ್ಮದು ಹೆಂಚಿನ ಮಾಡು. ಹೆಂಚಿಗೆ ತೂತು ಹೊಡೆದರೆ ಜೂನ್‌ನಲ್ಲಿ ಪಾತ್ರೆ ಇಡಬೇಕಾದೀತು, ಅಲ್ವಾ? ಕೊನೆಗೆ ಹಿಂದುಗಡೆ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ನಿಲ್ಲಿಸಿ ಅದರ ತುದಿಗೆ ಕೂರಿಸಿದೆವು.

ದನದ ಕೆಳಗಿನ N, E, S, W ಅಕ್ಷರಗಳ ದಿಕ್ಕು ಸರಿಮಾಡಲು ಫೋನಿನ ದಿಕ್ಸೂಚಿ ಹಿಡಿದೆ. ಪೈಪಿನ ಬುಡದಲ್ಲೇ ನಿಂತಿದ್ದೆ, ಅದೇ ತಪ್ಪಾದದ್ದು. ಕಬ್ಬಿಣದ ಹತ್ತಿರ ಮುಳ್ಳು ಎಲ್ಲೆಲ್ಲಿಗೋ ಎಳೆಯುತ್ತದೆ. ಎರಡು ದಿನ ಸೂರ್ಯ ನಮ್ಮ ಮನೆಯಲ್ಲಿ ಮಾತ್ರ ಉತ್ತರದ ಕಡೆ ಮುಳುಗುತ್ತಿದ್ದ! ಆಮೇಲೆ ಅಂಗಳಕ್ಕೆ ಇಳಿದು, ದೂರ ನಿಂತು ಗುರುತು ಮಾಡಿಕೊಂಡು ಸರಿಮಾಡಿದೆ.

ನಿಜವಾದ ತೊಂದರೆ ಬೇರೆ. ದನ ತಿರುಗುತ್ತಲೇ ಇರಲಿಲ್ಲ. ತೆಂಗಿನ ಗರಿ ಬಡಿದಾಡುವಷ್ಟು ಗಾಳಿ ಬಂದರೂ ಸುಮ್ನೆ ಒಂದೇ ಕಡೆ ನೋಡಿಕೊಂಡು ನಿಂತಿರುತ್ತಿತ್ತು. ನೋಡಿದರೆ ಲೆಕ್ಕ ಸರಳ. ಇಂಥದ್ದು ತಿರುಗಬೇಕಾದರೆ ನಡುವಿನ ಮೊಳೆಯ ಹಿಂದೆ ತಗಡು ಜಾಸ್ತಿ, ಮುಂದೆ ಕಡಿಮೆ ಇರಬೇಕು. ಗಾಳಿ ಅಗಲದ ಭಾಗವನ್ನು ಹಿಂದಕ್ಕೆ ತಳ್ಳುತ್ತದೆ, ಮೂತಿ ಗಾಳಿಯ ಎದುರಿಗೆ ಬರುತ್ತದೆ. ಹುಂಜಕ್ಕೆ ಬೀಸಣಿಗೆಯಂಥ ಬಾಲ ಇದೆ, ಅದಕ್ಕೆ ಕಷ್ಟವಿಲ್ಲ. ದನದ ಬಾಲ ಹಗ್ಗದಷ್ಟು. ಮುಂದೆ ನೋಡಿದರೆ ತಲೆ, ಕೊಂಬು, ಗಂಗೆದೊಗಲು. ಎರಡೂ ಕಡೆ ಹೆಚ್ಚು ಕಡಿಮೆ ಸಮ. ದನದ ಕೆಳಗೆ ಅದರ ಜೊತೆಗೇ ತಿರುಗುವ ಬಾಣ ಉಂಟು, ಅದರ ಗರಿಯೂ ಅಂಗೈಯಷ್ಟೇ. ಮಾರುವವರಿಗೆ ಬರೆದೆ. "ಇದು ಅಲಂಕಾರಕ್ಕೆ" ಎಂಬ ಉತ್ತರ ಬಂತು. ಹಾಗಿದ್ದರೆ ಗಾಳಿಯ ದಿಕ್ಕು ತೋರಿಸುತ್ತದೆ ಅಂತ ಬರೆದು ಮಾರಿದ್ದು ಯಾಕೋ.

ಇನ್ನೊಂದು ವಿಷಯ ಅಪ್ಪನ ಕಣ್ಣಿಗೆ ಬಿತ್ತು. "ಇದಕ್ಕೆ ಡುಬ್ಬವೇ ಇಲ್ಲವಲ್ಲ ಮಾರಾಯ!" ಹೌದು, ಅದು ವಿದೇಶದ ತಳಿ, ಬೆನ್ನು ಹಲಗೆಯ ಹಾಗೆ. ನಮ್ಮ ಹಟ್ಟಿಯಲ್ಲಿ ಇರುವುದು ಕಾಸರಗೋಡು ಗಿಡ್ಡ, ಡುಬ್ಬ ಇರುವ ಊರ ತಳಿ.

ಪೇಟೆಯ ವೆಲ್ಡಿಂಗ್ ಶಾಪಿನವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಹೆಗಲ ಮೇಲೆ ಡುಬ್ಬ ಇಟ್ಟರು. ಈಗ ಮುಂದಿನ ಭಾರ ಹೆಚ್ಚಾಯಿತು. ಕಂಬ ಕೂದಲೆಳೆಯಷ್ಟು ವಾಲಿದರೂ ಭಾರದ ಕಡೆ ತಗ್ಗಿಗೆ ಬಂದು ನಿಂತುಬಿಡುತ್ತದೆ. ಅದಕ್ಕೆ ಬಾಣದ ಗರಿಗೆ ದೊಡ್ಡ ತಗಡು ಸೇರಿಸಿದರು. ಭಾರವೂ ಸಮವಾಯಿತು, ಹಿಂದಿನ ಅಗಲವೂ ಹೆಚ್ಚಿತು. ಪೈಪಿಗೆ ತೂಗುಗುಂಡು ಹಿಡಿದು ನೆಟ್ಟಗೆ ಮಾಡಿದೆವು. ಅವತ್ತು ಸಂಜೆ ಬಾಯಿಂದ ಊದಿದರೂ ತಿರುಗಿತು.

ಹೇಗೂ ಬಿಚ್ಚಿದ್ದೇವೆ ಅಂತ ಇಂಗ್ಲಿಷ್ ಅಕ್ಷರ ತೆಗೆಸಿ ಬ, ಮೂ, ತೆಂ, ಪ ಹಾಕಿಸಿದೆ. ಬಡಗು, ಮೂಡು, ತೆಂಕು, ಪಡು. ಯಕ್ಷಗಾನದ ತೆಂಕುತಿಟ್ಟಿನ ಊರಿನಲ್ಲಿ ತೆಂಕು ಯಾವುದು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ವೆಲ್ಡಿಂಗಿನವರಿಗೆ ಕನ್ನಡ ಓದಲು ಬಾರದು, ಮಲಯಾಳ ಮಾತ್ರ. ಕಾಗದದಲ್ಲಿ ಬರೆದುಕೊಟ್ಟದ್ದನ್ನು ಹಾಗೇ ಕತ್ತರಿಸಿದರು. 'ತೆಂ' ಕತ್ತರಿಸುವಾಗ ಸೊನ್ನೆ ಬೇರೆಯಾಗಿ ಕೆಳಗೆ ಬಿತ್ತು. ಅದಕ್ಕೊಂದು ಚಿಕ್ಕ ಕಂಬಿ ಕೊಟ್ಟು ಅಂಟಿಸಿದ್ದಾರೆ. ಒಟ್ಟು 900 ರೂಪಾಯಿ.

ತುಕ್ಕಿನ ವಿಷಯ. ಪೌಡರ್ ಕೋಟಿಂಗ್ ಎರಡನೇ ಮಳೆಗಾಲಕ್ಕೆ ಅಂಚಿನಲ್ಲಿ ಎದ್ದಿತು, ಮೊದಲು ಕಾಲಿನ ಗೊರಸಿನ ಹತ್ತಿರ. ಸ್ಕ್ರೂಗಳಂತೂ ಮೊದಲ ವರ್ಷವೇ ಹೋದವು. ಸ್ಟೇನ್‌ಲೆಸ್ ಸ್ಕ್ರೂ ಹಾಕಿದ ಮೇಲೆ ಚಿಂತೆ ಇಲ್ಲ. ಉಪ್ಪಳದಲ್ಲಿ ಕಡಲಿಗೆ ಹತ್ತಿರ ಇರುವ ನಮ್ಮ ಅತ್ತೆಯ ಮನೆಯವರು ಇಂಥದ್ದೇ ಕಬ್ಬಿಣದ ಕುದುರೆ ತರಿಸಿದ್ದರು. ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ಕುದುರೆಯ ಮುಂಗಾಲು ಉದುರಿತು. ಕಡಲ ಬದಿಯವರು ಕಬ್ಬಿಣದ್ದು ತೆಗೆದುಕೊಳ್ಳಬೇಡಿ. ಇನ್ನು ರಾತ್ರಿ ಕಿರ್‌ ಕಿರ್‌ ಶಬ್ದ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ನಡುವಿನ ಮೊಳೆಯ ಮೇಲಿನ ಟೊಪ್ಪಿ ಎತ್ತಿ ಅದರ ತುದಿಗೆ ಗ್ರೀಸ್ ಹಚ್ಚಿದರೆ ನಿದ್ರೆ ಬರುತ್ತದೆ.

ತುಲಾ ತಿಂಗಳ ಸಿಡಿಲಿಗೆ ಹೆದರಿ ಎಲೆಕ್ಟ್ರಿಷಿಯನ್‌ರಿಂದ ಪೈಪಿಗೆ ಅರ್ಥಿಂಗ್ ಮಾಡಿಸಿದ್ದೇನೆ. ಎತ್ತರದಲ್ಲಿ ಲೋಹ ನಿಲ್ಲಿಸುವವರು ಇದನ್ನು ಬಿಡಬೇಡಿ.

ಉಪಯೋಗ ಉಂಟಾ? ಉಂಟು, ಆದರೆ ಜಾಹೀರಾತಿನಷ್ಟಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಬೆಳಗ್ಗೆ ಒಮ್ಮೆ ಮೇಲೆ ನೋಡುತ್ತೇವೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅಷ್ಟು ಖರ್ಚು ಮಾಡಿ ಬಿಟ್ಟ ಮದ್ದು ಬಿಡುವವನ ಮುಖಕ್ಕೇ ಹೊಡೆಯಬಾರದಲ್ಲ. ಆದರೆ ನಮ್ಮ ತೋಟ ಗುಡ್ಡದ ಕೆಳಗೆ, ಕಣಿಯಲ್ಲಿ. ಅಲ್ಲಿಯ ಗಾಳಿಯೇ ಬೇರೆ. ದನ ಪಡು ತೋರಿಸುವಾಗ ಕೆಳಗೆ ಎಲೆಯೂ ಅಲ್ಲಾಡಿರುವುದಿಲ್ಲ. ಹಾಗಾಗಿ ಪೂರ್ತಿ ನಂಬುವುದಿಲ್ಲ.

ಜಾಸ್ತಿ ಉಪಕಾರ ಆಗುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಮಧ್ಯಾಹ್ನ ಕಡಲ ಗಾಳಿಗೆ ಪಡು ನೋಡುತ್ತಿದ್ದ ದನ ಇದ್ದಕ್ಕಿದ್ದಂತೆ ಮೂಡಿಗೆ ತಿರುಗಿದರೆ ಘಟ್ಟದ ಕಡೆಯಿಂದ ಮಳೆ ಬರುತ್ತಿದೆ ಎಂದು ಅರ್ಥ. ಆಗ ಅಮ್ಮನೇ ಮೊದಲು ಅಂಗಳಕ್ಕೆ ಓಡುವುದು, ಅಡಿಕೆಗೆ ಟಾರ್ಪಾಲು ಹಾಕಲು. ಹಟ್ಟಿಯ ದನ ಮಳೆಗೆ ಬೆನ್ನು ತಿರುಗಿಸಿ ನಿಲ್ಲುತ್ತದೆ, ಇದು ಮುಖ ಕೊಟ್ಟು ನಿಲ್ಲುತ್ತದೆ. "ಅದಕ್ಕೇ ಅದು ತುಕ್ಕು ಹಿಡಿಯುವುದು" ಎನ್ನುತ್ತಾರೆ ಅಪ್ಪ.

ಬಂದ ಹಾಗೆ ಇದ್ದದ್ದಕ್ಕೆ 5ಕ್ಕೆ 2. ಈಗ ನಮ್ಮ ಮನೆ ಮೇಲೆ ಇರುವುದಕ್ಕೆ 4, ಅದರಲ್ಲಿ ಅರ್ಧ ವೆಲ್ಡಿಂಗಿನವರಿಗೆ ಸೇರಬೇಕು. ಪಕ್ಕದ ಮನೆಯವರಿಗೂ ಒಂದು ಬೇಕಂತೆ, ಹಂದಿ ಚೆನ್ನಾಗಿದೆ ಎಂದು ಫೋಟೋ ತೋರಿಸಿದರು. ಬಾಲ ನೋಡಿ ಎಂದೆ.