ರಾತ್ರಿ ಸೋರದ ಡೈಪರ್ ಯಾವುದು? ಟೇಪ್, ಪ್ಯಾಂಟ್, ಬಟ್ಟೆ ಎಲ್ಲ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ರಾತ್ರಿಗೆ ಟೇಪ್ ಡೈಪರ್. ಸೊಂಟದ ಎರಡೂ ಕಡೆ ಅಂಟಿಸುತ್ತಾರಲ್ಲ, ಅದು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಹಾಕುತ್ತಾರೆ, ಮನೆಗೆ ಬಂದು ನಾಲ್ಕಾರು ತಿಂಗಳಾದ ಮೇಲೆ ಎಲ್ಲರೂ ಮರೆತುಬಿಡುತ್ತಾರೆ.

ನಮ್ಮ ಮಗನಿಗೆ ಈಗ ಹತ್ತು ತಿಂಗಳು. ತೂಕ 9 ಕೆಜಿ ದಾಟಿದೆ. ಅಂಗಾತ ಮಲಗಿಸಿದರೂ ತಾನೇ ಹೊರಳಿ ಬೋರಲಾಗುತ್ತಾನೆ, ಬೆಳಗಿನ ತನಕ ಹಾಗೇ ಇರುತ್ತಾನೆ. ಇಷ್ಟು ಯಾಕೆ ಹೇಳಿದೆ ಅಂದರೆ, ನಿಮ್ಮದು ಅಂಗಾತ ಮಲಗುವ ಹೆಣ್ಣುಮಗುವಾದರೆ ಕೆಳಗಿನದರಲ್ಲಿ ಅರ್ಧ ನಿಮಗೆ ಹೊಂದುವುದಿಲ್ಲ. ಅವರದ್ದು ಸೋರುವುದು ಹಿಂದಿನಿಂದ, ನಮ್ಮದು ಮುಂದಿನಿಂದ. ಇನ್ನೊಂದು, ಹೆಂಡತಿ ಬೆಳಿಗ್ಗೆ ಮೊದಲ ಬಸ್ಸಿಗೆ ಶಾಲೆಗೆ ಹೋಗಬೇಕು. ಹಾಗಾಗಿ ರಾತ್ರಿ ಪಾಳಿ ನನ್ನದು. ಒದ್ದೆ ಹಾಸಿಗೆ ಬದಲಿಸುವವನು ನಾನೇ ಆದ್ದರಿಂದ ಈ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ.

ಇದೆಲ್ಲ ಶುರುವಾಗಿದ್ದು ಆಫರ್‌ನಲ್ಲಿ ಬಂದ ಪ್ಯಾಂಟ್ ಡೈಪರಿನ ಒಂದು ದೊಡ್ಡ ಪೊಟ್ಟಣದಿಂದ. 12 ಗಂಟೆ ಹೀರುತ್ತದೆ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಹಗಲಿಗೆ ಪ್ಯಾಂಟ್ ಡೈಪರ್ ಬಗ್ಗೆ ನನ್ನದೇನೂ ತಕರಾರಿಲ್ಲ. ಮಗು ನಿಂತಲ್ಲೇ ಎಳೆದು ಹಾಕಬಹುದು. ತೆಗೆಯುವಾಗ ಎರಡು ಬದಿ ಹರಿದರೆ ಆಯಿತು. ಹೊಸಬರೂ ಹಾಕಬಹುದು, ನಮ್ಮ ಅಮ್ಮನೂ ಹಾಕುತ್ತಾರೆ. ಅಂಬೆಗಾಲಿಡುವ ಮಗು ಟೇಪ್ ಅಂಟಿಸುವ ತನಕ ಸುಮ್ನೆ ಮಲಗಿರುತ್ತದೆಯೇ?

ತೊಂದರೆ ರಾತ್ರಿ. ಹತ್ತಕ್ಕೆ ಹೊಸದು ಹಾಕಿ ಮಲಗಿಸಿದರೆ ಮೂರು ಗಂಟೆಗೆ ಅಳು. ನೋಡಿದರೆ ಅಂಗಿ ಒದ್ದೆ, ದುಪ್ಪಟಿ ಒದ್ದೆ, ಕೆಳಗಿನ ಕೌದಿಯೂ ಒದ್ದೆ. ತೀರ್ಥಹಳ್ಳಿಯ ಜುಲೈ ತಿಂಗಳಲ್ಲಿ ಒಂದು ಕೌದಿ ಒದ್ದೆ ಮಾಡಿದರೆ ಅದು ಒಣಗುವುದು ಯಾವ ಹಬ್ಬಕ್ಕೋ.

ಹೀರುವುದು ಸಾಲದು, ಇನ್ನೂ ದುಬಾರಿಯದ್ದು ತರಬೇಕು ಅಂತ ಮನೆಯಲ್ಲಿ ಎಲ್ಲರ ಅಭಿಪ್ರಾಯ. ಆದರೆ ಬಿಚ್ಚಿದ ಡೈಪರ್ ಬೇರೆಯದೇ ಕಥೆ ಹೇಳುತ್ತಿತ್ತು. ಮುಂಭಾಗ ಊದಿಕೊಂಡು ಗಟ್ಟಿಯಾಗಿದೆ, ಹಿಂಭಾಗ ಅಂಗಡಿಯಿಂದ ತಂದಷ್ಟೇ ಒಣ. ನಡುವೆ ಒಂದು ಹಳದಿ ಗೆರೆ ಇರುತ್ತದಲ್ಲ, ಒದ್ದೆಯಾದರೆ ನೀಲಿಯಾಗುವುದು? ಅದು ಮುಂದೆ ನೀಲಿ, ಹಿಂದೆ ಹಳದಿ. ಅಂಗಿಯಲ್ಲಿ ಒದ್ದೆ ಇದ್ದದ್ದು ಹೊಕ್ಕುಳಿನ ಮೇಲೆ. ಅಂದರೆ ಡೈಪರ್ ತುಂಬಿ ಸೋರಿದ್ದಲ್ಲ. ಅರ್ಧ ಖಾಲಿ ಇರುವಾಗಲೇ ಮುಂದಿನಿಂದ ಮೇಲೆ ಹರಿದಿದೆ. ಇಂಥ ಸೋರಿಕೆಗೆ 12 ಗಂಟೆಯ ಭರವಸೆ ಏನು ಮಾಡುತ್ತದೆ?

ಡೈಪರಿನ ಒಳಗೆ ಇರುವುದು ಹತ್ತಿಯಂಥ ನಾರು ಮತ್ತು ಸೋಡಿಯಂ ಪಾಲಿಆಕ್ರಿಲೇಟ್ ಅನ್ನುವ ಪುಡಿ. ಪುಡಿ ಉಚ್ಚೆ ಹೀರಿ ಜೆಲ್ ಆಗುತ್ತದೆ, ಆದರೆ ಹೊಯ್ದ ತಕ್ಷಣ ಅಲ್ಲ. ಅದಕ್ಕೆ ಸ್ವಲ್ಪ ಸಮಯ ಬೇಕು. ಅಷ್ಟರಲ್ಲಿ ಉಚ್ಚೆ ಪಕ್ಕಕ್ಕೆ, ಹಿಂದಕ್ಕೆ ಹರಡಿಕೊಳ್ಳಬೇಕು. ಬೋರಲು ಮಲಗಿದ ಮಗುವಿನ ತೂಕವೆಲ್ಲ ಮುಂಭಾಗದ ಮೇಲೇ ಇರುತ್ತದೆ. ಮೊದಲ ಸಲದ್ದು ಅಲ್ಲೇ ಜೆಲ್ ಆಗಿ ಕೂತಿರುತ್ತದೆ. ಎರಡನೇ ಸಲ ಬಂದದ್ದಕ್ಕೆ ಹಿಂದೆ ಹೋಗಲು ದಾರಿಯಿಲ್ಲ, ಸೊಂಟದ ಕಡೆ ಮೇಲೇರುತ್ತದೆ.

ಗಂಡುಮಕ್ಕಳಲ್ಲಿ ಇದರ ಜೊತೆಗೆ ದಿಕ್ಕಿನ ಪ್ರಶ್ನೆ ಬೇರೆ. ನಮ್ಮ ಮನೆಯಲ್ಲಿ ಅದಕ್ಕೆ ನಲ್ಲಿ ಅನ್ನುತ್ತೇವೆ. ನಲ್ಲಿ ಕೆಳಗೆ ನೋಡುತ್ತಿರಬೇಕು. ಮೇಲೆ ನೋಡುತ್ತಿದ್ದರೆ ಉಚ್ಚೆ ನೇರ ಸೊಂಟದ ಪಟ್ಟಿಗೆ. ಪ್ಯಾಂಟ್ ಡೈಪರಿನಲ್ಲಿ ನಾನು ತುಂಬ ರೇಗಿದ್ದು ಇಲ್ಲೇ. ಅದನ್ನು ಕಾಲಿನಿಂದ ಮೇಲಕ್ಕೆ ಎಳೆಯಬೇಕಲ್ವಾ? ಎಳೆಯುವಾಗ ನಲ್ಲಿಯೂ ಮೇಲಕ್ಕೆ ತಿರುಗುತ್ತದೆ. ಒಳಗೆ ಕೈಹಾಕಿ ಸರಿಮಾಡಬೇಕು. ಸರಿಮಾಡುವಾಗ ಮಗು ಎಚ್ಚರವಾಗುತ್ತದೆ. ಎಚ್ಚರವಾದ ಮಗು ಹೊರಳುತ್ತದೆ, ಮತ್ತೆ ಎಲ್ಲವೂ ಮೊದಲಿನಂತೆ. ಟೇಪ್ ಡೈಪರಿನಲ್ಲಿ ಈ ಗಲಾಟೆಯೇ ಇಲ್ಲ. ಅಂಗಾತ ಮಲಗಿಸಿ, ಎಲ್ಲ ಕೆಳಮುಖವಾಗಿಟ್ಟು, ಮುಂಭಾಗವನ್ನು ಮೇಲಿಂದ ಮುಚ್ಚಿ ಅಂಟಿಸುವುದು. ಮುಚ್ಚಿದ ಮೇಲೆ ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ.

ಟೇಪ್ ಗೆಲ್ಲಲು ಇನ್ನೂ ದೊಡ್ಡ ಕಾರಣ ಸೈಜು. ಪೊಟ್ಟಣದ ಮೇಲೆ ಎಮ್ ಅಂದರೆ 7ರಿಂದ 12 ಕೆಜಿ, ಎಲ್ ಅಂದರೆ 9ರಿಂದ 14 ಕೆಜಿ ಅಂತ ಇರುತ್ತದೆ. 9ರಿಂದ 12ರ ನಡುವೆ ಇರುವ ಮಗುವಿಗೆ ಎರಡೂ ಆಗುತ್ತದೆ ಅಂತಾಯಿತು. ರಾತ್ರಿಗೆ ದೊಡ್ಡದನ್ನೇ ಹಾಕುವುದು ಒಳ್ಳೆಯದು. ಹೀರುವ ಪ್ಯಾಡ್ ಉದ್ದ ಇರುತ್ತದೆ, ಮುಂದೆ ಮೇಲಿನ ತನಕ ಬರುತ್ತದೆ. ಆದರೆ ನಮ್ಮವನ ತೊಡೆ ಸಣ್ಣ. ಎಲ್ ಸೈಜಿನ ಪ್ಯಾಂಟ್ ಹಾಕಿದರೆ ತೊಡೆಯ ಸಂದಿಯಲ್ಲಿ ಬೆರಳು ಹೋಗುವಷ್ಟು ಜಾಗ. ಮುಂದಿನ ಸೋರಿಕೆ ನಿಂತು ಪಕ್ಕದ್ದು ಶುರುವಾಯಿತು. ಟೇಪ್ ಆದರೆ ಎಲ್ ಸೈಜನ್ನೇ ತಂದು, ಸೊಂಟಕ್ಕೆ ಎಷ್ಟು ಬೇಕೋ ಅಷ್ಟು ಬಿಗಿ ಮಾಡಬಹುದು. ಕೆಳಗಿನ ಅಂಚನ್ನು ತೊಡೆಯ ಕಡೆಗೆ ಸ್ವಲ್ಪ ಓರೆಯಾಗಿ ಎಳೆದು ಅಂಟಿಸಿದರೆ ಸಂದಿಯೂ ಮುಚ್ಚುತ್ತದೆ. ಮುಂಭಾಗವನ್ನು ಹಿಂಭಾಗಕ್ಕಿಂತ ಒಂದೆರಡು ಬೆರಳು ಮೇಲಕ್ಕೆ ಎಳೆದುಕೊಳ್ಳುವ ಸ್ವಾತಂತ್ರ್ಯವೂ ಇದೆ. ಬೋರಲು ಮಲಗುವವರಿಗೆ ಇದು ದೊಡ್ಡ ಅನುಕೂಲ. ಸೊಂಟದಲ್ಲಿ ಎರಡು ಬೆರಳು ತೂರುವಷ್ಟು ಸಡಿಲ ಇರಲಿ, ಹಾಲು ಕುಡಿದ ಹೊಟ್ಟೆಗೆ ಜಾಗ ಬೇಕು.

ಯಾವ ಡೈಪರೇ ಆಗಲಿ, ಹಾಕಿದ ಮೇಲೆ ತೊಡೆಯ ಸುತ್ತ ಒಮ್ಮೆ ಬೆರಳಾಡಿಸಿ. ಅಂಚಿನ ನಿರಿಗೆ ಒಳಗೆ ಮಡಿಚಿಕೊಂಡಿದ್ದರೆ ಸೋರಿಕೆ ಖಂಡಿತ.

ಟೇಪಿನ ಕಿರಿಕಿರಿಗಳನ್ನೂ ಹೇಳಬೇಕು. ಕೈಯಲ್ಲಿ ಎಣ್ಣೆ ಇದ್ದರೆ ಟೇಪ್ ಅಂಟುವುದಿಲ್ಲ. ಸಂಜೆ ಮಗುವಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಅದೇ ಕೈಯಲ್ಲಿ ಡೈಪರ್ ಹಾಕಿದರೆ ನಡುರಾತ್ರಿ ಅದು ತಾನಾಗೇ ಬಿಚ್ಚಿಕೊಳ್ಳುತ್ತದೆ. ಪೌಡರ್ ಕೈಯಲ್ಲೂ ಅದೇ ಪಾಡು. ಎರಡನೆಯದು, ಚರ್ ಅನ್ನುವ ಸದ್ದು ನಮ್ಮವನಿಗೆ ಬಹಳ ಇಷ್ಟ. ತಾನೇ ಕಿತ್ತು ನಗುತ್ತಾನೆ. ಮೇಲೊಂದು ಬಿಗಿ ಚಡ್ಡಿ ಹಾಕಿದ ಮೇಲೆ ಅದು ನಿಂತಿತು.

ಸಿಗುವುದು ಕಷ್ಟ, ಇದು ಮೂರನೆಯದು. ನಮ್ಮೂರಿನ ಮೆಡಿಕಲ್ ಶಾಪುಗಳಲ್ಲಿ ಟೇಪ್ ಅಂದರೆ ಹೊಸ ಕೂಸಿನ ಸೈಜು ಮಾತ್ರ. ಎಲ್ ಬೇಕು ಅಂದರೆ "ಅಷ್ಟು ದೊಡ್ಡ ಮಗುವಿಗೆ ಪ್ಯಾಂಟೇ ಹಾಕೋದು ಸಾರ್" ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ತರಿಸಬೇಕು. ಮಳೆಗಾಲದಲ್ಲಿ ಪಾರ್ಸೆಲ್ ತಡವಾಗುತ್ತದೆ, ಆದ್ದರಿಂದ ಪೊಟ್ಟಣ ಅರ್ಧ ಖಾಲಿಯಾದಾಗಲೇ ಮುಂದಿನದಕ್ಕೆ ಹೇಳಿಬಿಡುತ್ತೇನೆ.

ಬಟ್ಟೆ ಡೈಪರಿನ ಮೇಲೆ ನನಗೆ ಮೊದಲು ಬಹಳ ಆಸೆ ಇತ್ತು. ಹೊರಗೆ ನೀರು ದಾಟದ ಕವರು, ಒಳಗೆ ತೊಳೆದು ಮತ್ತೆ ಹಾಕುವ ಪ್ಯಾಡ್. ಹಗಲಲ್ಲಿ ಈಗಲೂ ಅದೇ. ರಾತ್ರಿ ಮಾತ್ರ ಪ್ಯಾಡ್ ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೈಕ್ರೋಫೈಬರ್ ಅನ್ನುವ ಕೃತಕ ನೂಲಿನ ಪ್ಯಾಡ್ ಬೇಗ ಹೀರುತ್ತದೆ, ಆದರೆ ಒತ್ತಿದರೆ ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಬೋರಲು ಮಲಗಿದ ಮಗು ರಾತ್ರಿಯಿಡೀ ಒತ್ತುತ್ತಲೇ ಇರುತ್ತದೆ. ಹತ್ತಿಯ ಪ್ಯಾಡ್ ನಿಧಾನಕ್ಕೆ ಹೀರಿದರೂ ಹಿಡಿದಿಟ್ಟುಕೊಳ್ಳುತ್ತದೆ. ಎರಡನ್ನೂ ಇಟ್ಟು, ಮೈಕ್ರೋಫೈಬರ್ ಮೇಲೆ, ಹತ್ತಿ ಕೆಳಗೆ ಮಾಡಿದಾಗ ಫಲಿತಾಂಶ ಚೆನ್ನಾಗಿಯೇ ಬಂತು. ಮೈಕ್ರೋಫೈಬರ್ ನೇರ ಚರ್ಮಕ್ಕೆ ತಾಗಬಾರದು, ಚರ್ಮ ಒಣಗಿಸುತ್ತದೆ. ಮೇಲೊಂದು ಪದರ ಬಟ್ಟೆ ಇರಲೇಬೇಕು. ಹೊಸ ಹತ್ತಿ ಪ್ಯಾಡುಗಳು ಕೆಲವು ಸಲ ಒಗೆದ ಮೇಲಷ್ಟೇ ಪೂರ್ತಿ ಹೀರುತ್ತವೆ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ದ್ರಾವಣ ಬಳಸಿದರೆ ಹೀರುವ ಗುಣವೇ ಹೋಗುತ್ತದೆ. ಡೈಪರ್ ಕ್ರೀಮು, ಎಣ್ಣೆ ಮೆತ್ತಿಕೊಂಡರೂ ಹಾಗೇ.

ಇಷ್ಟೆಲ್ಲ ಸರಿಮಾಡಿದರೂ ಮಳೆಗಾಲ ಬಂದಾಗ ಸೋತೆವು. ನಾಲ್ಕು ಪದರದ ಹತ್ತಿ ಪ್ಯಾಡ್ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಪ್ಯಾಡ್ ಒಣಗುತ್ತದೆ, ಹೊಗೆ ವಾಸನೆ ಹಿಡಿಯುತ್ತದೆ. ಕವರನ್ನು ಅಲ್ಲಿ ಹಾಕಲೇಬೇಡಿ. ಬಿಸಿಗೆ ಒಳಗಿನ ಪ್ಲಾಸ್ಟಿಕ್ ಪದರ, ಎಲಾಸ್ಟಿಕ್ ಎರಡೂ ಹಾಳು. ದಾವಣಗೆರೆ, ಬಳ್ಳಾರಿ ಕಡೆಯವರಿಗೆ ಈ ಚಿಂತೆಯಿಲ್ಲ. ಅಲ್ಲಿದ್ದಿದ್ದರೆ ನನ್ನ ತೀರ್ಪು ಬಹುಶಃ ಬಟ್ಟೆ ಡೈಪರಿಗೇ ಹೋಗುತ್ತಿತ್ತು.

ಅಮ್ಮನ ಮತ ಲಂಗೋಟಿಗೆ. "ಹಳೇ ಪಂಚೆ ಹರಿದು ಕಟ್ಟೋ ಮಾರಾಯ, ನಿನ್ನನ್ನೂ ಹಂಗೇ ಬೆಳೆಸಿದ್ದು ಕಣೋ" ಅನ್ನುತ್ತಾರೆ. ಕೆಂಪಗೆ ಗುಳ್ಳೆ ಎದ್ದಾಗ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಚರ್ಮಕ್ಕೆ ಗಾಳಿ ಸಿಗುತ್ತದೆ. ಆದರೆ ಲಂಗೋಟಿ ತಡೆಯುವುದಿಲ್ಲ, ತಿಳಿಸುತ್ತದೆ. ಪ್ರತಿ ಸಲವೂ ಎದ್ದು ಬದಲಿಸಬೇಕು. ನನ್ನನ್ನು ಬೆಳೆಸುವಾಗ ಮನೆಯಲ್ಲಿ ಅಜ್ಜಿ, ಅತ್ತೆ, ಚಿಕ್ಕಮ್ಮ ಎಲ್ಲ ಇದ್ದರು. ಈಗ ರಾತ್ರಿ ಏಳುವವನು ನಾನೊಬ್ಬನೇ. ಅಮ್ಮನ ಪೆಟ್ಟಿಗೆಯಿಂದ ಒಂದು ವಸ್ತು ಮಾತ್ರ ಖಾಯಂ ಆಗಿ ಉಳಿದಿದೆ, ರಬ್ಬರ್ ಶೀಟ್. ಅದು ದುಪ್ಪಟಿಯ ಅಡಿಯಲ್ಲಿ ಇರಲಿ, ಡೈಪರ್ ಎಷ್ಟೇ ಒಳ್ಳೆಯದಿರಲಿ.

ದುಡ್ಡಿನ ಲೆಕ್ಕ. ನನಗೆ ಪ್ಯಾಂಟ್ ಒಂದಕ್ಕೆ ಸುಮಾರು 11 ರೂಪಾಯಿ ಬಿತ್ತು, ಟೇಪ್ 15ರ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಡೈಪರಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಹಳೆಯ ದರ ಬರೆದ ಪೊಟ್ಟಣ ಕೊಟ್ಟರೆ ಕೇಳಿ. ದಿನವಿಡೀ ಟೇಪ್ ಹಾಕಿದರೆ ನಮ್ಮ ಬಜೆಟ್ಟಿಗೆ ಆಗುವುದಿಲ್ಲ. ರಾತ್ರಿಗೆ ಒಂದೇ ಒಂದು ಅಂದರೆ ತಿಂಗಳಿಗೆ 450 ರೂಪಾಯಿ. ಪ್ಯಾಂಟಿಗಿಂತ 120 ಜಾಸ್ತಿ. ಆ 120 ರೂಪಾಯಿ ಕೌದಿ ಒಗೆಯುವ ಸೋಪಿಗೂ ನನ್ನ ನಿದ್ದೆಗೂ ಅಂದುಕೊಂಡಿದ್ದೇನೆ.

ಬಳಸಿದ್ದನ್ನು ಏನು ಮಾಡುವುದು ಅಂತ ಕೇಳುವವರಿಗೆ: ಕಕ್ಕ ಇದ್ದರೆ ಕಮೋಡಿಗೆ ಹಾಕಿ, ಡೈಪರನ್ನು ಪೇಪರಿನಲ್ಲಿ ಸುತ್ತಿ ಕಸದವರ ಕೈಗೇ ಬೇರೆಯಾಗಿ ಕೊಡಿ. ಸುತ್ತಿ ಕೊಡಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ನಮ್ಮ ಕಡೆ ಬಚ್ಚಲ ಒಲೆಗೆ ತುರುಕುವವರೂ ಇದ್ದಾರೆ, ದಯವಿಟ್ಟು ಬೇಡ, ಅದರಲ್ಲಿ ಬಹಳಷ್ಟು ಪ್ಲಾಸ್ಟಿಕ್ಕೇ. ತೋಟದ ಗುಂಡಿಗೂ ಬೇಡ.

ಈಗಿನ ವ್ಯವಸ್ಥೆ ಹೀಗಿದೆ. ಬಿಸಿಲಿದ್ದರೆ ಹಗಲು ಬಟ್ಟೆ ಡೈಪರ್. ಬಸ್ಸು, ಮದುವೆಮನೆಗೆ ಪ್ಯಾಂಟ್, ಆಫರಿನ ಪೊಟ್ಟಣ ಹೀಗೆ ಖಾಲಿಯಾಗುತ್ತಿದೆ. ರಾತ್ರಿ ಹತ್ತಕ್ಕೆ ಎಣ್ಣೆ ಕೈ ತೊಳೆದುಕೊಂಡು ಎಲ್ ಸೈಜಿನ ಟೇಪ್. ಅಪರೂಪಕ್ಕೆ ಸೋರುವುದು ಉಂಟು, ಮಲಗುವ ಮುಂಚೆ ಎರಡು ಲೋಟ ರಾಗಿ ಸರಿ ಕುಡಿದ ದಿನ. ಅದಕ್ಕೆ ಡೈಪರನ್ನು ಬೈಯುವಂತಿಲ್ಲ. ಇವನು 14 ಕೆಜಿ ದಾಟಿದ ಮೇಲೆ ಟೇಪಿನಲ್ಲಿ ಸೈಜು ಹುಡುಕುವುದು ಇನ್ನೂ ಕಷ್ಟವಾಗುತ್ತದೆ. ಅಷ್ಟರಲ್ಲಿ ರಾತ್ರಿ ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗುವ ಕಾಲ ಬಂದಿರುತ್ತದೆ ಅಂತ ಅಮ್ಮ ಹೇಳುತ್ತಾರೆ. ಆ ಪಾಳಿಯೂ ನನ್ನದೇ ಅಂತ ಹೆಂಡತಿ ಈಗಲೇ ಬರೆದಿಟ್ಟಿದ್ದಾಳೆ.